ಬೆಟ್ಟ ಹತ್ತಿದ ಕಾಲು, ಹತೋಟಿಗೆ ಬಾರದ ನಾಲಗೆ
(ಸಂತ ಯಕೋಬರ ಪತ್ರದಿಂದ ಒಂದು ಪಾಠ)

ಮಾತು ಬಲ್ಲವನಿಗೆ ಜಗಳವಿಲ್ಲ ಅಂತ ಹಿರಿಯರು ಹೇಳುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯೂ ಎಲ್ಲರಿಗೂ ಬಾಯಿಪಾಠ. ಆದರೆ ಗಾದೆ ಬರುವ ಅದೇ ಬಾಯಿಂದ ಚುಚ್ಚುಮಾತೂ ಬರುತ್ತದೆ. ಬಾಯಿಪಾಠ ಆಗಿರುವುದು ಬದುಕಿಗೆ ಇಳಿದಿಲ್ಲ, ಅಷ್ಟೇ. ಈ ಕೊರತೆಯನ್ನೇ ಹಿಡಿದು ಬರೆದ ಒಂದು ಪತ್ರ ಪವಿತ್ರ ಬೈಬಲಿನ ಹೊಸ ಒಡಂಬಡಿಕೆಯಲ್ಲಿದೆ. ಅದೇ ಯಕೋಬರ ಪತ್ರ. ಐದೇ ಅಧ್ಯಾಯ, ಒಟ್ಟು 108 ವಚನ. ನಿಧಾನವಾಗಿ ಓದಿದರೂ ಅರ್ಧ ಗಂಟೆ ಸಾಕು. ಅದರಂತೆ ನಡೆಯುವುದಕ್ಕೆ ಮಾತ್ರ ಒಂದು ಆಯುಷ್ಯ ಬೇಕು.

ಪತ್ರ ಬರೆದವರು ಯಾರು?

ಪರಂಪರೆಯ ಪ್ರಕಾರ ಈ ಪತ್ರ ಬರೆದವರು ಪ್ರಭುವಿನ ಸಹೋದರ ಎಂದು ಕರೆಸಿಕೊಂಡ ಯಕೋಬರು. ಜೆರುಸಲೇಮಿನ ಮೊದಲ ಕ್ರೈಸ್ತ ಸಮುದಾಯಕ್ಕೆ ಇವರೇ ಹಿರಿಯರು. ನ್ಯಾಯವಂತ ಯಕೋಬ ಅಂತಲೇ ಜನ ಇವರನ್ನು ಕರೆಯುತ್ತಿದ್ದರು. 62ನೇ ಇಸವಿಯಲ್ಲಿ ಪ್ರಧಾನ ಯಾಜಕ ಅನ್ನಾನನು ಇವರನ್ನು ಕಲ್ಲೆಸೆತಕ್ಕೆ ಗುರಿ ಮಾಡಿದನೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಮೊಣಕಾಲೂರಿ ಪ್ರಾರ್ಥಿಸಿ ಪ್ರಾರ್ಥಿಸಿ ಇವರ ಮಂಡಿಗಳು ಒಂಟೆಯ ಮಂಡಿಯ ಹಾಗೆ ಗಡುಸಾಗಿದ್ದವು ಎಂಬ ಹಳೆಯ ಹೇಳಿಕೆಯೂ ಇದೆ.

ಹರಕೆ ಹೊತ್ತು ಮಂಡಿಯ ಮೇಲೆ ಮೆಟ್ಟಿಲೇರುವ ಭಕ್ತರು ಇದನ್ನು ಗಮನಿಸಬೇಕು. ಮಂಡಿ ಗಡುಸಾಗುವಷ್ಟು ಪ್ರಾರ್ಥಿಸಿದ ಮನುಷ್ಯ ಪತ್ರ ಬರೆಯಲು ಕೂತಾಗ ಮಂಡಿಯ ವಿಷಯ ಎತ್ತಲೇ ಇಲ್ಲ. ಎತ್ತಿದ್ದು ನಾಲಗೆಯ ವಿಷಯ. ತಾನು ದೈವಭಕ್ತ ಅಂದುಕೊಂಡು ನಾಲಗೆಗೆ ಕಡಿವಾಣ ಹಾಕದವನ ಭಕ್ತಿ ವ್ಯರ್ಥ ಎಂಬುದು ಮೊದಲ ಅಧ್ಯಾಯದ ಕೊನೆಯಲ್ಲಿ ಅವರು ಕೊಡುವ ತೀರ್ಪು. ಅದರ ಬೆನ್ನಿಗೇ, ಅನಾಥರನ್ನೂ ವಿಧವೆಯರನ್ನೂ ಅವರ ಕಷ್ಟದಲ್ಲಿ ನೋಡಿಕೊಳ್ಳುವುದು ನಿಜವಾದ ಭಕ್ತಿ ಅಂತಾರೆ. ನಾಲಗೆಯೂ ಕೈಯೂ ಹೀಗೆ ಒಂದೇ ಕಡೆ ಬರುತ್ತವೆ.

ಚಿಕ್ಕದು, ಆದರೆ ದೊಡ್ಡದು

ಮೂರನೆಯ ಅಧ್ಯಾಯ ಪೂರ್ತಿ ಹಳ್ಳಿಯವರಿಗೂ ತಿಳಿಯುವ ಹೋಲಿಕೆಗಳು. ಕುದುರೆ ಎಷ್ಟು ದೊಡ್ಡದಿದ್ದರೂ ಬಾಯಲ್ಲಿರುವ ಸಣ್ಣ ಕಬ್ಬಿಣ ಅದನ್ನು ತಿರುಗಿಸುತ್ತದೆ. ಬಿರುಗಾಳಿಗೆ ಸಿಕ್ಕ ಹಡಗನ್ನು ಒಂದು ಚಿಕ್ಕ ಚುಕ್ಕಾಣಿ ದಾರಿಗೆ ತರುತ್ತದೆ. ಒಂದು ಕಿಡಿ ಇಡೀ ಕಾಡನ್ನು ಸುಡುತ್ತದೆ. ಬೇಸಿಗೆಯಲ್ಲಿ ಯಾರೋ ಎಸೆದ ಬೀಡಿಯ ತುಂಡಿನಿಂದ ಗುಡ್ಡವೇ ಕರ್ರಗಾದದ್ದನ್ನು ನೋಡಿದವರಿಗೆ ಇದರ ವಿವರಣೆ ಬೇಕಿಲ್ಲ. ಮೃಗ, ಪಕ್ಷಿ, ಹಾವು, ಮೀನು ಎಲ್ಲವನ್ನೂ ಮನುಷ್ಯ ಪಳಗಿಸಿದ. ತನ್ನ ಬಾಯೊಳಗಿರುವ ಒಂದು ತುಂಡು ಮಾಂಸವನ್ನು ಪಳಗಿಸಲು ಆಗಲಿಲ್ಲ.

ಇನ್ನೊಂದು ಹೋಲಿಕೆ ಮನಸ್ಸಿಗೆ ನಾಟುತ್ತದೆ. ಒಂದೇ ಒರತೆಯಿಂದ ಸಿಹಿ ನೀರೂ ಉಪ್ಪು ನೀರೂ ಬರುವುದುಂಟೇ? ಅದೇ ನಾಲಗೆ ದೇವರನ್ನು ಸ್ತುತಿಸಿ, ಆಮೇಲೆ ದೇವರ ರೂಪದಲ್ಲಿ ಸೃಷ್ಟಿಯಾದ ಮನುಷ್ಯನನ್ನು ಶಪಿಸುವುದು ಸರಿಯಲ್ಲ ಅಂತ ಯಕೋಬರು ಹೇಳುತ್ತಾರೆ. ಎದುರಿಗಿರುವವನು ದೇವರ ಪ್ರತಿರೂಪ ಆದ್ದರಿಂದ ಅವನಿಗೆ ಬೈದದ್ದು ಅವನೊಬ್ಬನಿಗೇ ಮುಟ್ಟುವುದಿಲ್ಲ.

ಎರಡು ರಸೀದಿ

ಪುಣ್ಯಕ್ಷೇತ್ರಗಳಲ್ಲಿ ಇಂಥದ್ದು ಕಣ್ಣಿಗೆ ಬೀಳುವುದು ಹೊಸದಲ್ಲ. ಅಣ್ಣ ತಮ್ಮ ಇಬ್ಬರೂ ವರ್ಷಾವರ್ಷ ತಪ್ಪದೆ ಬೆಟ್ಟಕ್ಕೆ ಬರುತ್ತಾರೆ. ಅಣ್ಣ ಬೆಳಗಿನ ಪೂಜೆಗೆ, ತಮ್ಮ ಸಂಜೆಯ ಪೂಜೆಗೆ. ಇಬ್ಬರೂ ತೀರಿಕೊಂಡ ತಾಯಿಯ ಆತ್ಮಶಾಂತಿಗೆ ಪೂಜೆ ಬರೆಸುತ್ತಾರೆ. ಒಂದೇ ತಾಯಿ, ಒಂದೇ ಹೆಸರು, ಎರಡು ರಸೀದಿ. ತಾಯಿಯ ಮಣ್ಣಿನ ದಿನ ಆಸ್ಪತ್ರೆ ಖರ್ಚಿನ ಲೆಕ್ಕದಲ್ಲಿ ಒಬ್ಬರ ಬಾಯಿಂದ ಒಂದು ಮಾತು ಜಾರಿತು. ಇನ್ನೊಬ್ಬರು ಅದಕ್ಕಿಂತ ದೊಡ್ಡದೊಂದನ್ನು ವಾಪಸ್ಸು ಎಸೆದರು. ಹಣದ ಲೆಕ್ಕ ಎಂದೋ ಚುಕ್ತಾ ಆಗಿದೆ, ಮಾತಿನ ಲೆಕ್ಕ ಇನ್ನೂ ಬಾಕಿ. ಇಬ್ಬರೂ ಕೆಟ್ಟವರಲ್ಲ. ಇಬ್ಬರಿಗೂ ವಿಶ್ವಾಸ ಇದೆ. ಆದರೆ ತಾಯಿ ಬದುಕಿದ್ದರೆ ಎರಡು ಪೂಜೆ ಕೇಳುತ್ತಿದ್ದಳೋ, ಒಂದು ಪೂಜೆಯಲ್ಲಿ ಇಬ್ಬರು ಮಕ್ಕಳನ್ನು ಕೇಳುತ್ತಿದ್ದಳೋ?

ಕನ್ನಡಿ ನೋಡಿ ಮರೆತವನು

ದೇವರ ವಾಕ್ಯವನ್ನು ಕೇಳಿಯೂ ಅದರಂತೆ ನಡೆಯದವನನ್ನು ಯಕೋಬರು ಕನ್ನಡಿ ನೋಡಿದವನಿಗೆ ಹೋಲಿಸುತ್ತಾರೆ. ಮುಖ ನೋಡಿಕೊಂಡ, ಎದ್ದು ಹೋದ, ಹೇಗಿದ್ದೆ ಅನ್ನೋದನ್ನೇ ಮರೆತ. ಎರಡನೆಯ ಅಧ್ಯಾಯದಲ್ಲಿ ಅವರ ಮಾತು ಇನ್ನೂ ಖಾರ. ಚಿನ್ನದ ಉಂಗುರದವನಿಗೆ ಮುಂದಿನ ಆಸನ, ಹರಕು ಬಟ್ಟೆಯವನಿಗೆ ಕಾಲ ಬಳಿ ಜಾಗ ಕೊಡುವ ಸಭೆಯನ್ನು ಗದರಿಸುತ್ತಾರೆ. ಹಸಿದವನಿಗೂ ಬಟ್ಟೆ ಇಲ್ಲದವನಿಗೂ ಏನೂ ಕೊಡದೆ ಸುಖವಾಗಿ ಹೋಗಿ ಬನ್ನಿ ಅಂತ ಬರೀ ಬಾಯುಪಚಾರ ಮಾಡಿದರೆ ಏನು ಪ್ರಯೋಜನ ಅಂತ ಕೇಳುತ್ತಾರೆ. ಕ್ರಿಯೆ ಇಲ್ಲದ ವಿಶ್ವಾಸ ಅವರ ಲೆಕ್ಕದಲ್ಲಿ ಸತ್ತದ್ದು. ಹಾಗಾದರೆ ನಾಲಗೆಯ ಪಾಪ ಕೆಟ್ಟ ಮಾತೊಂದೇ ಅಲ್ಲ. ಕೈ ಮಾಡಬೇಕಾದ ಕೆಲಸವನ್ನು ಒಳ್ಳೆ ಮಾತಿನಲ್ಲಿ ಮುಗಿಸಿಬಿಡುವುದೂ ನಾಲಗೆಯ ಪಾಪವೇ.

ಸಂತ ಪೌಲರು ವಿಶ್ವಾಸವೇ ಮುಖ್ಯ ಅಂದಿದ್ದಾರಲ್ಲ ಅಂತ ಕೆಲವರು ಕೇಳುವುದುಂಟು. ಗಲಾತ್ಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯದಲ್ಲಿ ಅದೇ ಪೌಲರು, ಪ್ರೀತಿಯ ಮೂಲಕ ಕೆಲಸ ಮಾಡುವ ವಿಶ್ವಾಸಕ್ಕೇ ಬೆಲೆ ಎಂಬ ಅರ್ಥದಲ್ಲಿ ಬರೆದಿದ್ದಾರೆ. ಒಬ್ಬರು ಬೇರನ್ನು ತೋರಿಸಿದರು, ಒಬ್ಬರು ಹಣ್ಣನ್ನು ತೋರಿಸಿದರು. ಮರ ಒಂದೇ.

ಒಂದು ವಚನಕ್ಕೆ ಹತ್ತೊಂಬತ್ತು ವರ್ಷ

ಈ ಪಾಠವನ್ನು ಬದುಕಿ ತೋರಿಸಿದವರಲ್ಲಿ ಒಬ್ಬರು ಪಾಂಬೋ ಎಂಬ ಸನ್ಯಾಸಿ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟ್ ದೇಶದ ನಿತ್ರಿಯಾ ಎಂಬಲ್ಲಿ ಬುಟ್ಟಿ ಹೆಣೆದು ಜೀವಿಸುತ್ತಿದ್ದರು. ಇವರಿಗೆ ಓದು ಬರಹ ಬರುತ್ತಿರಲಿಲ್ಲ. ಕೀರ್ತನೆ ಕಲಿಯೋಣ ಅಂತ ಬಲ್ಲವರೊಬ್ಬರ ಹತ್ತಿರ ಹೋದರು. ಅವರು 39ನೆಯ ಕೀರ್ತನೆಯ ಮೊದಲ ವಚನ ಹೇಳಿಕೊಟ್ಟರು. ನಾಲಗೆಯಿಂದ ಪಾಪ ಮಾಡದಂತೆ ನನ್ನ ನಡತೆಯನ್ನು ಕಾಯ್ದುಕೊಳ್ಳುತ್ತೇನೆ ಎಂಬ ಸಂಕಲ್ಪ ಆ ವಚನದ್ದು. ಅಷ್ಟು ಕೇಳಿದವರೇ ಪಾಂಬೋ ಎದ್ದು ನಿಂತರು. ಎರಡನೆಯ ವಚನ ಬೇಡ, ಇದನ್ನು ನಡೆಸಿದರೆ ಇದೇ ಸಾಕು ಅಂತ ಹೊರಟುಬಿಟ್ಟರು. ಆರು ತಿಂಗಳಾದರೂ ಆಳಿನ ಪತ್ತೆ ಇಲ್ಲ. ಯಾಕೆ ಬರಲಿಲ್ಲ ಅಂತ ಗುರು ಆಕ್ಷೇಪಿಸಿದಾಗ, ಆ ವಚನವೇ ಇನ್ನೂ ಕೈಗೂಡಿಲ್ಲ ಅಂದರು. ಬಹಳ ಕಾಲದ ಮೇಲೆ ಪರಿಚಯದವರೊಬ್ಬರು ಈಗಲಾದರೂ ಕಲಿತಿರಾ ಅಂತ ವಿಚಾರಿಸಿದರು. ಹತ್ತೊಂಬತ್ತು ವರ್ಷ ಹಿಡಿಯಿತು, ಅದೂ ಕಷ್ಟಪಟ್ಟು, ಎಂಬುದು ಪಾಂಬೋರ ಉತ್ತರ. ಐದನೆಯ ಶತಮಾನದ ಸಭಾ ಇತಿಹಾಸಕಾರ ಸಾಕ್ರಟೀಸ್ ಇದನ್ನು ಬರೆದಿಟ್ಟಿದ್ದಾನೆ.

ಅವರ ಕೊನೆಗಾಲದ ಸಂಗತಿಯೂ ಉಳಿದಿದೆ. ಸಾಯುವ ಹೊತ್ತಿನಲ್ಲಿ ಅವರು, ತನ್ನ ಕೈಯಿಂದ ದುಡಿಯದ ರೊಟ್ಟಿ ತಿಂದದ್ದಿಲ್ಲ, ಆಡಿದ ಮಾತಿಗೆ ಪಶ್ಚಾತ್ತಾಪ ಪಡಬೇಕಾಗಿ ಬಂದಿಲ್ಲ, ಆದರೂ ದೇವರ ಸೇವೆಯನ್ನು ಇನ್ನೂ ಶುರುವೇ ಮಾಡದವನ ಹಾಗೆ ಹೋಗುತ್ತಿದ್ದೇನೆ ಎಂಬರ್ಥದಲ್ಲಿ ಹೇಳಿದರಂತೆ. ನಾಲಗೆ ಗೆದ್ದವನಿಗೆ ಗೆದ್ದೆನೆಂಬ ಜಂಬವೂ ಉಳಿಯಲಿಲ್ಲ. ಒಂದು ವಚನ ಗೊತ್ತಿದೆ ಅಂತ ಹೇಳುವುದಕ್ಕೆ ಅವರು ಹತ್ತೊಂಬತ್ತು ವರ್ಷ ಕಾದರು. ನೂರು ವಚನ ಬಾಯಿಪಾಠ ಇರುವವರು ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು.

ಯಾತ್ರಿಕರು ರೂಢಿಸಿಕೊಳ್ಳಬಹುದಾದದ್ದು

1. ಕೇಳುವುದರಲ್ಲಿ ಚುರುಕು, ಮಾತಿನಲ್ಲಿ ನಿಧಾನ, ಕೋಪದಲ್ಲಿ ಇನ್ನೂ ನಿಧಾನ. ಸಿಟ್ಟು ಬಂದಾಗ ಬಾಯಿಗೆ ಬಂದ ಮೊದಲ ಮಾತನ್ನು ನುಂಗಿ, ಎರಡನೆಯದನ್ನು ಆಡಿದರೆ ಅರ್ಧ ಜಗಳ ಕಡಿಮೆ.

2. ಎದುರಿಗಿಲ್ಲದವರ ವಿಷಯ ಬಂದಾಗ, ಅವರು ಎದುರಿಗೆ ಕೂತಿದ್ದರೆ ಹೀಗೇ ಹೇಳುತ್ತಿದ್ದೆನೇ ಅಂತ ಒಮ್ಮೆ ಕೇಳಿಕೊಳ್ಳಬೇಕು. ಫೋನಿನಲ್ಲಿ ಬಂದ ಚಾಡಿಯನ್ನು ಇನ್ನೊಬ್ಬರಿಗೆ ಕಳಿಸುವುದೂ ಮಾತೇ.

3. ಮಾತುಮಾತಿಗೆ ಆಣೆ ಇಡುವುದು ಬೇಡ. ಹೌದು ಅಂದರೆ ಹೌದು, ಇಲ್ಲ ಅಂದರೆ ಇಲ್ಲ ಎಂಬ ನಂಬಿಕೆ ಸಂಪಾದಿಸಬೇಕು.

4. ಆಳಿನ ಕೂಲಿ ಬಾಕಿ ಇಟ್ಟುಕೊಂಡು ದೀಪ ಹಚ್ಚಬೇಡಿ. ಹಿಡಿದಿಟ್ಟ ಕೂಲಿಯೇ ದೇವರಿಗೆ ಕೂಗಿ ಹೇಳುತ್ತದೆ ಅಂತ ಐದನೆಯ ಅಧ್ಯಾಯ ಎಚ್ಚರಿಸುತ್ತದೆ.

5. ನಾಲಗೆ ಕಟ್ಟುವುದೆಂದರೆ ಮುನಿಸಿಕೊಂಡು ಮಾತು ಬಿಡುವುದಲ್ಲ. ಅನ್ಯಾಯ ಕಂಡಾಗ ಬಾಯಿ ಮುಚ್ಚಿಕೊಂಡಿರುವುದೂ ಅಲ್ಲ. ಯಕೋಬರೇ ಶ್ರೀಮಂತರನ್ನು ನೇರವಾಗಿ ಗದರಿಸಿದ್ದಾರೆ. ಮಾತು ನಿಂತುಹೋದವರಲ್ಲಿ ಒಬ್ಬರನ್ನಾದರೂ ಈ ಯಾತ್ರೆ ಮುಗಿಸಿ ಮನೆ ಮುಟ್ಟುವ ಮುಂಚೆ ಮಾತಾಡಿಸಬೇಕು. ಊಟ ಆಯ್ತಾ ಅಂದರೂ ಸಾಕು. ಒಂದು ಕಿಡಿ ಕಾಡು ಸುಡುವುದಾದರೆ, ಅದೇ ಕಿಡಿ ಆರಿದ ಒಲೆಯನ್ನೂ ಹಚ್ಚುತ್ತದೆ.

ಬೆಟ್ಟ ಹತ್ತುವುದು ಕಾಲಿನ ಹರಕೆ, ಅದು ಸಂಜೆಗೆ ಮುಗಿಯುತ್ತದೆ. ನಾಲಗೆಯ ಹರಕೆ ಶುರುವಾಗುವುದು ಕೆಳಗಿಳಿದು ಮನೆ ಬಾಗಿಲು ತಟ್ಟಿದ ಮೇಲೆ. ಬರುವ ವರ್ಷ ಆ ಅಣ್ಣ ತಮ್ಮ ಒಂದೇ ರಸೀದಿ ಬರೆಸಲಿ ಎಂದು ಇದನ್ನು ಓದಿದವರು ಒಂದು ಪ್ರಾರ್ಥನೆ ಹೇಳಲಿ. ತಮ್ಮ ಮನೆಯಲ್ಲಿ ಎರಡು ರಸೀದಿ ಆಗುತ್ತಿದೆಯೇ ಅಂತಲೂ ನೋಡಿಕೊಳ್ಳಲಿ.

ಪ್ರಾರ್ಥನೆ

ದಯಾಮಯ ಪ್ರಭುವೇ, ನಿನ್ನ ಹೆಸರು ಹೇಳುವ ಈ ನಾಲಗೆ ಇನ್ನೊಬ್ಬರ ಹೆಸರು ಕೆಡಿಸದಿರಲಿ. ಆಡಬಾರದ್ದನ್ನು ನುಂಗುವ ಶಕ್ತಿ ಕೊಡು, ಆಡಬೇಕಾದ್ದನ್ನು ಆಡುವ ಧೈರ್ಯ ಕೊಡು. ಬಾಯಿ ಹೇಳಿದ್ದನ್ನು ಕೈ ಮಾಡಲಿ. ಮುರಿದ ಮಾತನ್ನು ಮತ್ತೆ ಜೋಡಿಸುವ ಮೊದಲ ಹೆಜ್ಜೆ ಇವತ್ತೇ ಇಡುವಂತಾಗಲಿ. ಆಮೆನ್.