ಡೈರಿ ಕಲಿಸಿದ ಆಡಳಿತ

ಒಳ್ಳೆಯವರು ಸೇರಿದರೆ ಸಂಘ ತಾನಾಗಿ ನಡೆಯುತ್ತದೆ ಎಂದು ಊರಲ್ಲಿ ಹಿರಿಯರು ಹೇಳುವುದುಂಟು. ಹಾಲಿನ ಡೈರಿಯಲ್ಲಿ ಮೊದಲು ಟೆಸ್ಟರ್ ಆಗಿ, ಆಮೇಲೆ ಸೆಕ್ರೆಟರಿಯಾಗಿ ದುಡಿದ ನನಗೆ ಆ ಮಾತಿನಲ್ಲಿ ಅಷ್ಟು ನಂಬಿಕೆ ಇಲ್ಲ. ಒಳ್ಳೆಯವರೇ ತುಂಬಿದ್ದ ಆಡಳಿತ ಮಂಡಳಿಗಳು ಒಳಜಗಳದಲ್ಲೇ ಸಂಘಕ್ಕೆ ಬೀಗ ಹಾಕಿಸಿದ್ದನ್ನು ಅಕ್ಕಪಕ್ಕದ ಊರುಗಳಲ್ಲಿ ಕಂಡಿದ್ದೇನೆ. ನಮ್ಮ ನಿಮ್ಮಂಥ ಮಾಮೂಲಿ ಜನ ಕೂತರೂ ಕೆಲಸ ಕೆಡದ ಹಾಗೆ ಏರ್ಪಾಡು ಮಾಡಿಕೊಳ್ಳಬೇಕು. ಆಡಳಿತ ಅಂದರೆ ಅಷ್ಟೇ.

ಆ ಏರ್ಪಾಡು ತಕ್ಕಡಿಯಿಂದಲೇ ಶುರು. ಬೆಳಗ್ಗೆ ಆರಕ್ಕೆ ಕ್ಯಾನು, ಬಕೆಟ್ಟು ಹಿಡಿದು ಸಾಲು ನಿಂತಿರುತ್ತದೆ. ನಮ್ಮಲ್ಲಿ ತೂಕದ ಯಂತ್ರದ ಅಂಕಿ ಒಂದು ಕಾಲಕ್ಕೆ ಬರೆದುಕೊಳ್ಳುವವರ ಕಡೆ ಮುಖ ಮಾಡಿತ್ತು. ಹಾಲು ಹಾಕುವವರಿಗೆ ಕಾಣುತ್ತಿರಲಿಲ್ಲ. "ನಾಲ್ಕೂವರೆ ಲೀಟ್ರು ತಂದ್ರೆ ನಾಲ್ಕೂಕಾಲು ಬರ್ಕೊಂಡವ್ನೆ" ಅನ್ನುವ ಗೊಣಗಾಟ ದಿನಾ ಇದ್ದದ್ದೇ. ಒಕ್ಕೂಟದಿಂದ ಬಂದಿದ್ದ ವಿಸ್ತರಣಾಧಿಕಾರಿ ನಮ್ಮ ದೂರನ್ನೆಲ್ಲ ಕೇಳಿಸಿಕೊಂಡು, "ಮೊದ್ಲು ಇದನ್ನ ಆ ಕಡೆ ತಿರುಗ್ಸಿ ಇಡಿ, ಮಿಕ್ಕಿದ್ದು ಆಮೇಲೆ ಮಾತಾಡೋಣ" ಎಂದರು. ತಿರುಗಿಸಿದೆವು. ಓದು ಬಾರದ ಅಜ್ಜಿಯೊಬ್ಬರು ಹಿಂದೆ ನಿಂತ ಹುಡುಗನ ಕೈಲಿ ಅಂಕಿ ಓದಿಸಿಕೊಂಡು, ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಹೋಗುತ್ತಿದ್ದರು. ಅಳತೆಯ ತಕರಾರು ಅಲ್ಲಿಗೆ ಮುಗಿಯಿತು. ಟೆಸ್ಟರ್ ಪ್ರಾಮಾಣಿಕನೋ ಅಲ್ಲವೋ ಎಂಬ ಪ್ರಶ್ನೆಯೇ ಯಾರಿಗೂ ಬೇಕಾಗಲಿಲ್ಲ.

ಫ್ಯಾಟ್ ವಿಷಯ ಅಷ್ಟು ಸಲೀಸಲ್ಲ. ನಮ್ಮಲ್ಲಿ ಹಸುವಿನ ಹಾಲಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) 8.5 ಇರಬೇಕು, ಕಡಿಮೆಯಾದರೆ ರೇಟೂ ಇಳಿಯುತ್ತದೆ. ಬೆಳಗಿನ ಹಾಲಿಗಿಂತ ಸಂಜೆಯ ಹಾಲಿನಲ್ಲಿ ಫ್ಯಾಟ್ ಸಾಮಾನ್ಯವಾಗಿ ಕೊಂಚ ಹೆಚ್ಚು. ಇದು ಗೊತ್ತಿಲ್ಲದವರು ಒಂದೇ ಹಸುವಿಗೆ ಎರಡು ಅಂಕಿ ಹೇಗೆ ಬಂತು ಎಂದು ಟೆಸ್ಟರ್ ಮೇಲೆ ಹರಿಹಾಯುತ್ತಾರೆ. ಕಾರಣವನ್ನು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಹೇಳಬೇಕು, ಅದೂ ಮತ್ತೆ ಮತ್ತೆ. ಬೇಸರವಾಗುತ್ತದೆ, ನಿಜ. ಸಂಬಳ ಕೊಡುವುದು ಅದಕ್ಕೂ ಸೇರಿಸಿಯೇ.

ಅಳೆಯುವ ಕೈ, ಲೆಕ್ಕ ಬರೆಯುವ ಕೈ, ದುಡ್ಡು ಕೊಡುವ ಕೈ ಬೇರೆಬೇರೆ ಇರಬೇಕು. ಇಬ್ಬರೇ ನೌಕರರಿರುವ ಸಂಘದಲ್ಲಿ ಇದು ಕಷ್ಟ. ನಾವು ನಿರ್ದೇಶಕರೊಬ್ಬರು ವಾರಕ್ಕೊಮ್ಮೆ ಕೂತು ನಗದು ಪುಸ್ತಕ ನೋಡಿ ರುಜು ಹಾಕುವ ಪದ್ಧತಿ ಮಾಡಿಕೊಂಡೆವು. ಹಣ ನೇರವಾಗಿ ಸದಸ್ಯರ ಬ್ಯಾಂಕ್ ಖಾತೆಗೆ ಹೋಗತೊಡಗಿದ ಮೇಲೆ ತಲೆನೋವು ಇನ್ನಷ್ಟು ಇಳಿಯಿತು.

ನಿಜವಾಗಿ ಸುಸ್ತಾಗಿಸಿದ್ದು ನಿರ್ದೇಶಕರ ಸಂಖ್ಯೆ. ಮಂಡಳಿಯ ಪ್ರತಿಯೊಬ್ಬರೂ ತಾವೇ ಯಜಮಾನರು. ಒಬ್ಬರು ಬಂದು "ನಮ್ಮ ತಮ್ಮನ ಹಾಲಿಗೆ ಒಂದೆರಡು ಪಾಯಿಂಟು ನೋಡ್ಕೊಂಡು ಹಾಕಪ್ಪ" ಅಂದರೆ, ಮತ್ತೊಬ್ಬರು "ಅವ್ನ ಹಾಲು ವಾಪಸ್ ಕಳ್ಸು" ಅನ್ನುವರು. ಟೆಸ್ಟರ್ ಯಾರ ಮಾತು ಕೇಳಬೇಕು? ಕೊನೆಗೆ ಮಂಡಳಿ ಸಭೆಯಲ್ಲೇ ಠರಾವು ಬರೆಸಿದೆವು: ನಿರ್ದೇಶಕರ ಅಧಿಕಾರ ಸಭೆಯಲ್ಲಿ ಮಾತ್ರ, ಹೊರಗೆ ಅಧ್ಯಕ್ಷರು ಸೆಕ್ರೆಟರಿಗೆ ಹೇಳಬೇಕು, ಸೆಕ್ರೆಟರಿ ನೌಕರರಿಗೆ. ಕೆಲವರು ತಿಂಗಳುಗಟ್ಟಲೆ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ.

ಮಗಳ ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ಪುಸ್ತಕ ತಿರುವಿ ಹಾಕುತ್ತಿದ್ದಾಗ ಇದೇ ಸಂಗತಿ ಕಣ್ಣಿಗೆ ಬಿತ್ತು. ಫ್ರಾನ್ಸಿನ ಗಣಿ ಎಂಜಿನಿಯರ್ ಹೆನ್ರಿ ಫಯೋಲ್ 1916ರಲ್ಲಿ ಪ್ರಕಟಿಸಿದ 14 ತತ್ವಗಳಲ್ಲಿ ಇದೂ ಒಂದು: ಒಬ್ಬ ನೌಕರನಿಗೆ ಒಬ್ಬನೇ ಮೇಲಧಿಕಾರಿ. ಅದಕ್ಕೂ 11 ವರ್ಷ ಮೊದಲೇ, 1905ರಲ್ಲಿ, ಗದಗದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು. ಆ ಹಳ್ಳಿಯಲ್ಲಿ ಯಾರು ಯಾರಿಗೆ ಹೇಳಬೇಕು ಎಂಬ ಜಗಳವನ್ನು ಅವರು ಹೇಗೆ ಬಗೆಹರಿಸಿದರೋ ಎಂದು ನನಗೆ ಇವತ್ತಿಗೂ ಕುತೂಹಲ.

ಫಯೋಲ್ ಬರೀ ಶಿಸ್ತಿನ ಮನುಷ್ಯನಲ್ಲ. ಮೇಲಿನಿಂದ ಕೆಳಗಿನವರೆಗೆ ಸರಪಳಿ ಇರಲಿ, ಆದರೆ ತುರ್ತು ಬಂದಾಗ ಬೇರೆಬೇರೆ ವಿಭಾಗದ ಇಬ್ಬರು ನೌಕರರು ಅಡ್ಡದಾರಿಯಲ್ಲಿ ನೇರವಾಗಿ ಮಾತಾಡಿಕೊಳ್ಳಲಿ, ಮೇಲಿನವರಿಗೆ ತಿಳಿದಿದ್ದರೆ ಸಾಕು ಎಂದೂ ಹೇಳಿದ್ದಾನೆ. ಡೈರಿಗೆ ಇದು ಪ್ರಾಣ. ಬೇಸಿಗೆಯ ಸಂಜೆ ಕರೆಂಟು ಹೋಗಿ, ಜನರೇಟರೂ ಕೈಕೊಟ್ಟು, ಕೂಲರಿನಲ್ಲಿ ಹಾಲು ಬಿಸಿಯಾಗುತ್ತಿರುವಾಗ ಟೆಸ್ಟರ್ ಹುಡುಗ ನನ್ನನ್ನು ಹುಡುಕಿ, ನಾನು ಅಧ್ಯಕ್ಷರಿಗೆ ಹೇಳಿ, ಅವರು ಒಕ್ಕೂಟಕ್ಕೆ ಫೋನು ಮಾಡುವ ಹೊತ್ತಿಗೆ ಹಾಲು ಒಡೆದಿರುತ್ತದೆ. ಅದಕ್ಕೇ ಟ್ಯಾಂಕರ್ ಚಾಲಕನಿಗೆ ನೇರ ಫೋನು ಮಾಡಲು ಟೆಸ್ಟರ್ ಹುಡುಗನಿಗೆ ಅನುಮತಿ ಇತ್ತು. ಅದನ್ನೂ ಠರಾವಿನಲ್ಲೇ ಬರೆದಿದ್ದೆವು.

ಮಿಕ್ಕಿದ್ದು ಚುಟುಕಾಗಿ ಹೇಳಬಹುದು. ಬಟವಾಡೆ ದಿನ ತಪ್ಪಬಾರದು. ಲೀಟರಿಗೆ ಒಂದು ರೂಪಾಯಿ ಕಮ್ಮಿಯಾದರೆ ಜನ ಬೈಯುತ್ತಾರೆ, ಬಟವಾಡೆ ಒಂದು ವಾರ ತಡವಾದರೆ ಹಾಲನ್ನು ಖಾಸಗಿಯವರಿಗೆ ಹಾಕುತ್ತಾರೆ. ನಡಾವಳಿ ಪುಸ್ತಕದಲ್ಲಿ "ಚರ್ಚಿಸಲಾಯಿತು" ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಯಾರು, ಯಾವ ತಾರೀಖಿನೊಳಗೆ ಮಾಡಬೇಕು ಎಂಬುದಿರಬೇಕು. ಲಾಭದ ಶೇ 25 ಭಾಗ ಮೀಸಲು ನಿಧಿಗೆ ಹೋಗಲೇಬೇಕೆಂದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಹೇಳುತ್ತದೆ. ಎಲ್ಲವನ್ನೂ ಬೋನಸ್ಸಾಗಿ ಹಂಚಿ ಎಂದು ಕೂಗುವವರಿಗೆ ಇದನ್ನು ತೋರಿಸಲು ಕಾಯ್ದೆಯ ಪುಸ್ತಕ ಮೇಜಿನ ಮೇಲೆ ಇಟ್ಟುಕೊಂಡಿರುತ್ತಿದ್ದೆ.

ನಿಮ್ಮೂರಲ್ಲೂ ಡೈರಿಯೋ ಪತ್ತಿನ ಸಂಘವೋ ಇದ್ದೇ ಇರುತ್ತದೆ. ಈ ಸಲದ ಸರ್ವ ಸದಸ್ಯರ ಸಭೆಗೆ ಊಟದ ಹೊತ್ತಿಗಲ್ಲ, ಲೆಕ್ಕಪರಿಶೋಧನಾ ವರದಿ ಓದುವ ಹೊತ್ತಿಗೆ ಹೋಗಿ. ಅರ್ಥವಾಗದ ಒಂದು ಸಾಲನ್ನಾದರೂ ಎದ್ದು ನಿಂತು ಕೇಳಿ. ಕೇಳುವ ಹಕ್ಕು ನಿಮ್ಮ ಷೇರಿನ ಜೊತೆಗೇ ಬಂದಿದೆ.