ಹಡಗು ಐಸಿನಲ್ಲಿಟ್ಟ ಮೀನಲ್ಲ

ಪ್ರೀತಿಯ ಮಾಣಿ,

ನಾರ್ವೆಯ ಬರ್ಗೆನ್‌ನಿಂದ ನೀನು ಬರೆದದ್ದು ತಲುಪಿತು. ಹಡಗು ವಿನ್ಯಾಸದ ಕಚೇರಿಯಲ್ಲಿ ಪೈಪು, ವಾಲ್ವುಗಳಿಗೆ ಲೋಹ ಆರಿಸುವ ಕೆಲಸ ಕೊಟ್ಟಿದ್ದಾರೆಂದು ತಿಳಿದು ನಿನ್ನ ಅಮ್ಮನಿಗಿಂತ ನನಗೇ ಹೆಚ್ಚು ಖುಷಿಯಾಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, “ಇಲ್ಲಿ ಚಳಿಗಾಲದಲ್ಲಿ ಸಮುದ್ರದ ನೀರು ಆರೇಳು ಡಿಗ್ರಿ ಮಾವ, ನಮ್ಮೂರಿನಷ್ಟು ತುಕ್ಕಿನ ಕಾಟ ಇರಲಿಕ್ಕಿಲ್ಲ” ಎಂದು, ಅದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅದಕ್ಕೇ ಈ ಉದ್ದದ ಕಾಗದ. ಈ ಕೆಲಸಕ್ಕೆ ಇಳಿಯುವ ಬೇರೆ ಹುಡುಗ ಹುಡುಗಿಯರೂ ಓದಲಿ ಎಂದು ಪತ್ರಿಕೆಗೂ ಕೊಡುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ.

ಹಾಗೆ ಅನ್ನಿಸುವುದು ಸಹಜವೇ. ಗಂಗೊಳ್ಳಿಯ ಬಂದರಿನ ಬುಡದಲ್ಲಿ ಬೆಳೆದವರಿಗೆ ತಂಪೆಂದರೆ ಕಾಪಾಡುವ ವಸ್ತು. ಬಂಗುಡೆ ಬೋಟಿನಿಂದ ಇಳಿಯುವ ಮೊದಲೇ ಅದರ ಮೇಲೆ ಐಸು ಬಿದ್ದಿರುತ್ತದೆ. ಆದರೆ ಮೀನನ್ನು ಕೆಡಿಸುವುದು ಜೀವಾಣು. ಉಕ್ಕನ್ನು ತಿನ್ನುವುದು ಮುಖ್ಯವಾಗಿ ನೀರಿನಲ್ಲಿ ಕರಗಿರುವ ಆಮ್ಲಜನಕ. ಅದಕ್ಕೆ ತಣ್ಣೀರೇ ಹೆಚ್ಚು ಒಗ್ಗುತ್ತದೆ. 30 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಆರು ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಹಿಡಿದಿಟ್ಟುಕೊಂಡರೆ, 5 ಡಿಗ್ರಿಯ ನೀರು ಸುಮಾರು ಹತ್ತು ಮಿಲಿಗ್ರಾಂ ಹಿಡಿಯುತ್ತದೆ. ಚಳಿಗೆ ರಾಸಾಯನಿಕ ಕ್ರಿಯೆ ನಿಧಾನವಾಗುತ್ತದೆ ಎಂಬುದೂ ಸುಳ್ಳಲ್ಲ. ಜೊತೆಗೆ ನಮ್ಮ ಬೆಚ್ಚನೆಯ ನೀರಿನಲ್ಲಿ ಪಾಚಿ, ಚಿಪ್ಪು ಬೇಗ ಹತ್ತಿ ಉಕ್ಕಿನ ಮೈಗೆ ಆಮ್ಲಜನಕ ತಲುಪದಂತೆ ಒಂದಷ್ಟು ಅಡ್ಡ ನಿಲ್ಲುತ್ತವೆ. ಎಲ್ಲ ಕೂಡಿ ಕಳೆದರೆ, ಬಣ್ಣವಿಲ್ಲದ ಸಾದಾ ಉಕ್ಕು ಪೂರ್ತಿ ಮುಳುಗಿದ್ದಾಗ ವರ್ಷಕ್ಕೆ 0.1 ಮಿ.ಮೀ. ಆಸುಪಾಸು ಸವೆಯುತ್ತದೆ ಎಂದು ಅಲ್ಲಿಯೂ ಇಲ್ಲಿಯೂ ಇಟ್ಟುಕೊಳ್ಳಬಹುದು. ಅಲೆ ಬಡಿದು, ಒಣಗಿ, ಮತ್ತೆ ನೆನೆಯುವ ಪಟ್ಟಿಯಲ್ಲಿ ಅದರ ಮೂರು ಪಟ್ಟು. ಚಳಿಯಿಂದ ನಿನಗೆ ಸಿಗುವ ರಿಯಾಯಿತಿ ಇಷ್ಟೇ.

ಆನೋಡಿನ ಲೆಕ್ಕಕ್ಕೆ ಬಂದರೆ ಆ ರಿಯಾಯಿತಿಯೂ ಇಲ್ಲ. ಹಡಗಿನ ತಳಕ್ಕೆ ಬೆಸುಗೆ ಹಾಕುವ ಸತು ಅಥವಾ ಅಲ್ಯೂಮಿನಿಯಂ ಗಟ್ಟಿಗಳನ್ನು ನೀನು ನೋಡಿದ್ದೀ. ಯಾವ ಲೋಹದ್ದಾದರೂ ನಾವೆಲ್ಲ ಅದನ್ನು ‘ಜಿಂಕ್’ ಎಂದೇ ಕರೆಯುತ್ತಿದ್ದೆವು. ಉಕ್ಕಿನ ಬದಲು ತಾನು ಕರಗಿ ಉಕ್ಕನ್ನು ಉಳಿಸುವುದು ಅದರ ಕೆಲಸ. ನಿನ್ನ ಆ ದೇಶದ್ದೇ ಡಿಎನ್‌ವಿ ಸಂಸ್ಥೆ ಸಮುದ್ರದಲ್ಲಿ ನಿಲ್ಲಿಸುವ ಉಕ್ಕಿನ ರಚನೆಗಳಿಗೆ ಮಾಡಿಕೊಟ್ಟ ಕೋಷ್ಟಕ ತೆಗೆದು ನೋಡು. ಮೇಲಿನ 30 ಮೀಟರ್ ಆಳದೊಳಗೆ, 20 ಡಿಗ್ರಿಗಿಂತ ಬೆಚ್ಚಗಿನ ನೀರಿನಲ್ಲಿ ಒಂದು ಚದರ ಮೀಟರ್ ಬರಿಯ ಉಕ್ಕಿನ ರಕ್ಷಣೆಗೆ ಶುರುವಿನಲ್ಲಿ 0.15 ಆಂಪಿಯರ್ ವಿದ್ಯುತ್ ಬೇಕು ಎಂದಿದೆ. 7 ಡಿಗ್ರಿಗಿಂತ ತಣ್ಣಗಿನ ನೀರಿಗೆ 0.25. ಕಾರಣ ಒಂದೇ ಅಲ್ಲ. ಆಮ್ಲಜನಕ ಜಾಸ್ತಿ. ಬೆಚ್ಚನೆಯ ನೀರಿನಲ್ಲಿ ರಕ್ಷಣೆಯಲ್ಲಿರುವ ಉಕ್ಕಿನ ಮೇಲೆ ಬೇಗ ಕೂರುವ ಸುಣ್ಣದ ಪದರ, ನೀರಿನ ಹಂಡೆಯಲ್ಲಿ ಕಟ್ಟುವ ಬಿಳಿ ಹಕ್ಕಳೆಯಂಥದ್ದು, ತಣ್ಣೀರಿನಲ್ಲಿ ತಡವಾಗಿ, ತೆಳ್ಳಗೆ ಕೂರುತ್ತದೆ. ಅಲ್ಲದೆ ತಣ್ಣನೆಯ ಉಪ್ಪುನೀರಿನಲ್ಲಿ ವಿದ್ಯುತ್ ಅಷ್ಟು ಸಲೀಸಾಗಿ ಹರಿಯುವುದಿಲ್ಲವಾದ್ದರಿಂದ ಅದೇ ಗಾತ್ರದ ಜಿಂಕ್ ಕಡಿಮೆ ವಿದ್ಯುತ್ ಕೊಡುತ್ತದೆ.

ನೀನಿರುವ ಬರ್ಗೆನ್‌ನದೇ ವಿಲ್ಸನ್ ಕಂಪನಿ ನಮ್ಮ ಮಲ್ಪೆಯ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್‌ಗೆ 3,800 ಟನ್ ಸಾಮರ್ಥ್ಯದ ಸರಕು ಹಡಗುಗಳನ್ನು ಕಟ್ಟಲು ಕೊಟ್ಟಿತಲ್ಲ, ಅವುಗಳ ಸುದ್ದಿ ಓದಿದಾಗೆಲ್ಲ ನನಗೆ ಹೊಳೆಯುವುದು ಇದೇ. ಹುಟ್ಟುವುದು ಅರಬ್ಬೀ ಸಮುದ್ರದ ಬೆಚ್ಚನೆಯ ನೀರಿನಲ್ಲಿ, ಬಾಳುವೆ ಯುರೋಪಿನ ತಣ್ಣೀರಿನಲ್ಲಿ. ಅಂಥ ಹಡಗಿಗೆ ಜಿಂಕ್ ತೂಗುವಾಗ ಗಂಡನ ಮನೆಯ ನೀರಿನ ಲೆಕ್ಕ ಹಿಡಿಯಬೇಕು.

ಈಗ ನಿನ್ನ ಕೆಲಸಕ್ಕೆ ಹತ್ತಿರದ ವಿಷಯ. ಕ್ಯುಪ್ರೋನಿಕಲ್ ಪೈಪು, ತೊಂಬತ್ತು ಪಾಲು ತಾಮ್ರ, ಹತ್ತು ಪಾಲು ನಿಕಲ್, ಜೊತೆಗೆ ಚೂರು ಕಬ್ಬಿಣ ಮತ್ತು ಮ್ಯಾಂಗನೀಸ್. ಹಡಗಿನೊಳಗೆ ಸಮುದ್ರದ ನೀರು ಸಾಗಿಸಲು ನನ್ನ ಮಟ್ಟಿಗೆ ಇದಕ್ಕಿಂತ ಸಭ್ಯ ಲೋಹ ಇಲ್ಲ. ಆದರೆ ಅದರ ಸಭ್ಯತೆ ಹುಟ್ಟುಗುಣವಲ್ಲ, ಬಾಣಂತನದಲ್ಲಿ ಬರುವಂಥದ್ದು. ಶುದ್ಧ ಸಮುದ್ರದ ನೀರು ಹರಿದು ಹರಿದು ಒಳಮೈ ಮೇಲೆ ಕಂದು ಬಣ್ಣದ ತೆಳು ಪೊರೆ ಕಟ್ಟಬೇಕು. ಆಮೇಲೆ ಪೊರೆಯೇ ಪೈಪನ್ನು ನೋಡಿಕೊಳ್ಳುತ್ತದೆ. 27 ಡಿಗ್ರಿಯ ನೀರಿನಲ್ಲಿ ಪೊರೆ ಕೆಲವೇ ಗಂಟೆಗಳಲ್ಲಿ ನೆಲೆಯೂರುತ್ತದೆ. ಹದಿನೈದು ಡಿಗ್ರಿ ಆಸುಪಾಸಿನಲ್ಲಿ ಪೂರ್ತಿ ಬಲಿಯಲು ಎರಡು ಮೂರು ತಿಂಗಳು. ಇನ್ನೂ ತಣ್ಣಗಾದರೆ ಅದಕ್ಕೂ ಹೆಚ್ಚು. ಈ ಎಳೆ ಪೊರೆಯ ಕಾಲದಲ್ಲಿ ಹಡಗು ಎಲ್ಲಿರುತ್ತದೆ ಹೇಳು? ಯಾರ್ಡಿನ ಧಕ್ಕೆಯಲ್ಲಿ, ಕೊಳೆತ ವಾಸನೆಯ ನಿಂತ ನೀರಿನಲ್ಲಿ. ಅಂಥ ನೀರಿನ ಸಲ್ಫೈಡ್ ಒಮ್ಮೆ ಒಳಹೊಕ್ಕರೆ ಕಂದು ಪೊರೆಯ ಬದಲು ಕಪ್ಪು ಪದರ ಕಟ್ಟಿ, ಅದರಡಿಯಲ್ಲಿ ಗುಳಿ ಬೀಳುತ್ತದೆ. ಮುಂದೆ ಎಷ್ಟು ಶುದ್ಧ ನೀರು ಹರಿಸಿದರೂ ಹಾಳಾದದ್ದು ಸರಿಹೋಗಲು ಬಹಳ ಕಾಲ ಬೇಕು. ಆದ್ದರಿಂದ ಪೈಪಿನ ಲೋಹ ಬರೆದು ಸಹಿ ಹಾಕಿ ಎದ್ದುಹೋಗಬೇಡ. ಮೊದಲ ನೀರು ಯಾವುದು, ಎಷ್ಟು ದಿನ ಹರಿಸಬೇಕು, ನಿಲ್ಲಿಸಿದರೆ ಖಾಲಿ ಮಾಡಿ ಒಣಗಿಸುವವರು ಯಾರು ಎಂಬುದನ್ನೂ ನಕ್ಷೆಯ ಮೇಲೇ ಬರೆ. ಯಾರ್ಡಿನವರು ಗೊಣಗುತ್ತಾರೆ. ಗೊಣಗಲಿ.

ಹಿತ್ತಾಳೆಯ ಬಗ್ಗೆ ನನಗೆ ಸ್ವಂತ ಸಿಟ್ಟಿದೆ. ನಾನು ಸೆಕೆಂಡ್ ಎಂಜಿನಿಯರ್ ಆಗಿದ್ದಾಗ ಉತ್ತರ ಸಮುದ್ರದಲ್ಲಿ ಓಡುತ್ತಿದ್ದ ಒಂದು ಹಳೆಯ ಹಡಗಿಗೆ ಯಾವುದೋ ರಿಪೇರಿ ಯಾರ್ಡಿನವರು ಕಂಚಿನ ವಾಲ್ವಿನ ಜಾಗದಲ್ಲಿ ಸಾದಾ ಹಿತ್ತಾಳೆಯದನ್ನು ಕೂರಿಸಿಹೋಗಿದ್ದರು. ಹೊರಗಿನಿಂದ ನೋಡಿದರೆ ಆಕಾರ ಇದ್ದಂತೆಯೇ ಇತ್ತು. ಒಂದು ದಿನ ಸ್ಕ್ರೂಡ್ರೈವರಿನಲ್ಲಿ ಕೆರೆದೆ: ಹಳದಿ ಇರಬೇಕಾದಲ್ಲಿ ಗುಲಾಬಿ. ಇನ್ನೊಂಚೂರು ಒತ್ತಿದ್ದೇ ತಡ, ಗೆದ್ದಲು ತಿಂದ ಬಾಗಿಲಿನ ಹಾಗೆ ಮೊನೆ ಒಳಗೆ ಹೋಯಿತು. ಹಿತ್ತಾಳೆಯ ಸತುವನ್ನಷ್ಟೇ ಸಮುದ್ರ ಹೀರಿಕೊಂಡು, ತಾಮ್ರದ ಸ್ಪಂಜನ್ನು ಬಿಟ್ಟಿತ್ತು. ಆ ವಾಲ್ವಿನ ಆಚೆ ಬದಿಗೆ ಸಮುದ್ರ, ಈಚೆ ನಾನು. ಚಳಿ ಆ ಕೆಲಸವನ್ನು ನಿಧಾನ ಮಾಡಿದ್ದೀತು, ನಿಲ್ಲಿಸಿರಲಿಲ್ಲ. ನೀರಿನ ಗೆರೆಯ ಕೆಳಗೆ ಹಡಗಿನ ಮೈ ತೂತಾಗುವಲ್ಲೆಲ್ಲ ಹಿತ್ತಾಳೆ ಬೇಡ. ಕಂಚೋ, ನಿಕಲ್-ಅಲ್ಯೂಮಿನಿಯಂ ಕಂಚೋ ಬರೆ. ಪ್ರೊಪೆಲರುಗಳನ್ನು ಎರಕ ಹೊಯ್ಯುವುದೂ ಹೆಚ್ಚಾಗಿ ಈ ಎರಡನೆಯದರಲ್ಲೇ.

ಸ್ಟೇನ್‌ಲೆಸ್ ಸ್ಟೀಲ್ ಎಂದ ಕೂಡಲೇ ಹೊಸಬರ ಕಣ್ಣು ಅರಳುತ್ತದೆ. ಅಡುಗೆಮನೆಯ 304, ಅದರ ಅಣ್ಣ 316, ಇವೆರಡನ್ನೂ ಸಮುದ್ರದ ನೀರಿನ ಪೈಪಿಗೆ ನಂಬಬೇಡ. ಇವು ಸಾದಾ ಉಕ್ಕಿನ ಹಾಗೆ ಒಂದೇ ಸಮನೆ ಸವೆಯುವುದಿಲ್ಲ. ಗ್ಯಾಸ್ಕೆಟ್ಟಿನ ಅಡಿ, ಬೋಲ್ಟಿನ ತಲೆಯ ಅಡಿ, ನೀರು ಓಡಾಡದ ಸಂದಿಯಲ್ಲಿ ಗುಟ್ಟಾಗಿ ಕೊರೆತಕ್ಕೆ ತುತ್ತಾಗುತ್ತವೆ. ಈ ಲೋಹದ ವಿಷಯದಲ್ಲಿ ಮಾತ್ರ ಚಳಿ ನಿಜವಾಗಿಯೂ ಸ್ನೇಹಿತ, ಶಾಖ ಹೆಚ್ಚಿದಷ್ಟೂ ಸಂದಿಯ ಕೊರೆತ ಸುಲಭವಾಗಿ ಶುರುವಾಗುತ್ತದೆ. ಆದರೂ ಎರಡು ಕಡೆ ಎಡವುತ್ತಾರೆ. ಒಂದು, ತಣ್ಣನೆಯ ಸಮುದ್ರದಲ್ಲೂ ವಾರ ಎರಡು ವಾರದಲ್ಲಿ ಸ್ಟೀಲಿನ ಮೇಲೆ ಜೀವಾಣುಗಳ ಲೋಳೆ ಕಟ್ಟಿ, ಕೊರೆತವನ್ನು ಕೆರಳಿಸುವ ಕಡೆಗೆ ಅದರ ವಿದ್ಯುತ್ ಮಟ್ಟವನ್ನು ಏರಿಸುತ್ತದೆ. ಅದೇ ದೇಶದ ಟ್ರೊಂಡ್‌ಹೈಮ್‌ನಲ್ಲಿ 1980ರ ದಶಕದಲ್ಲೇ ಇದನ್ನು ಅಳೆದಿದ್ದಾರೆ. ಪ್ರಯೋಗಾಲಯದಲ್ಲಿ ಉಪ್ಪು ಕದಡಿ ಮಾಡಿದ ನೀರಿನಲ್ಲಿ ಇದು ಕಾಣಿಸದು. ಎರಡು, ಹೊರಗೆ ಆರು ಡಿಗ್ರಿ ಇದ್ದ ನೀರು ಎಂಜಿನಿನ ಕೂಲರ್ ದಾಟಿ ಹೊರಡುವಾಗ ಎಷ್ಟು ಬೆಚ್ಚಗಿರುತ್ತದೆ? ಕೂಲರಿನ ಈಚೆಗೊಂದು ಲೆಕ್ಕ, ಆಚೆಗೊಂದು ಲೆಕ್ಕ. ಸ್ಟೇನ್‌ಲೆಸ್ಸೇ ಬೇಕೆಂದರೆ ಕ್ರೋಮಿಯಂ, ಮಾಲಿಬ್ಡಿನಂ, ನೈಟ್ರೋಜನ್ ಕೂಡಿಸಿ ತೆಗೆಯುವ ಅಂಕ ನೋಡು. 316ಕ್ಕೆ ಅದು ಸುಮಾರು 24. ಸಮುದ್ರದ ನೀರಿಗೆ 40 ದಾಟಿದ್ದೇ ಆಗಬೇಕು.

ಅಲ್ಯೂಮಿನಿಯಂ ಬಗ್ಗೆ ಹೆಚ್ಚು ಹೇಳುವುದಿಲ್ಲ. 5083 ಎಂಬ ಮಿಶ್ರಲೋಹ ಒಳ್ಳೆಯ ಹುಡುಗ, ತಾಮ್ರದ ಸಹವಾಸಕ್ಕೆ ಮಾತ್ರ ಬಿಡಬೇಡ.

ಮೇಲೆ ಜೀವಾಣುವಿಗೂ ಉಕ್ಕಿಗೂ ಸಂಬಂಧವಿಲ್ಲ ಎನ್ನುವ ಧಾಟಿಯಲ್ಲಿ ಬರೆದೆ, ಅದೂ ಪೂರ್ತಿ ಸರಿಯಲ್ಲ. ಟೈಟಾನಿಕ್ ಬಿದ್ದಿರುವುದು ಸುಮಾರು 3,800 ಮೀಟರ್ ಆಳದಲ್ಲಿ, ಸೊನ್ನೆಗಿಂತ ಸ್ವಲ್ಪವೇ ಮೇಲಿರುವ ನೀರಿನಲ್ಲಿ. ಅದನ್ನು ಪತ್ತೆಹಚ್ಚಿದವರು ಉಕ್ಕಿನ ಮೈಯಿಂದ ಜಡೆಜಡೆಯಾಗಿ ಇಳಿಬಿದ್ದ ತುಕ್ಕನ್ನೂ ಕಂಡರು. ಅಂಥ ಒಂದು ಜಡೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಕ್ಕೆ 2010ರಲ್ಲಿ ಹಡಗಿನ ಹೆಸರನ್ನೇ ಇಟ್ಟರು, ಹ್ಯಾಲೊಮೊನಾಸ್ ಟೈಟಾನಿಕೆ. 2024ರಲ್ಲಿ ಇಳಿದವರಿಗೆ ಮೂತಿಯ ಕಟಕಟೆಯ ಒಂದು ಭಾಗ ಕಳಚಿ ಬಿದ್ದದ್ದು ಕಾಣಿಸಿತು. ಆದರೆ ಚುಕ್ಕಾಣಿಯ ಚಕ್ರ ಹೊತ್ತಿದ್ದ ಕಂಚಿನ ಕಂಬ, ಸುತ್ತಲ ಮರದ ಕೋಣೆ ಮಾಯವಾದ ಮೇಲೂ ಅದೇ ಜಾಗದಲ್ಲಿ ನಿಂತಿದೆ. ಅದೇ ನೀರು, ಅದೇ ಚಳಿ. ಲೋಹ ಬೇರೆ.

ರಜೆಯಲ್ಲಿ ಹೆಲ್ಸಿಂಕಿಯ ಕಡೆ ಹೋದರೆ ಫಿನ್‌ಲೆಂಡಿನ ಹಿಮಭಂಜಕ ಹಡಗು ‘ಓಟ್ಸೊ’ ನೋಡಿ ಬಾ. 1986ರದ್ದು. ಐಸು ಬಣ್ಣವನ್ನೆಲ್ಲ ಕೆರೆದುಹಾಕುತ್ತದೆಂದು ನೀರಿನ ಗೆರೆಯ ಸುತ್ತ ಸ್ಟೇನ್‌ಲೆಸ್ ಹೊದಿಸಿದ ಉಕ್ಕಿನ ಪಟ್ಟಿ ಹಾಕಿದ್ದಾರೆ. ಬುದ್ಧಿವಂತ ಕೆಲಸ. ಆದರೆ ಆ ಪಟ್ಟಿಯ ಪಕ್ಕದ ಸಾದಾ ಉಕ್ಕಿಗೆ ಯಾರು ರಕ್ಷಣೆ ಕೊಡುತ್ತಾರೆ, ಎಲ್ಲಿಂದ ಕೊಡುತ್ತಾರೆ ಎಂದು ಯೋಚಿಸುತ್ತಾ ನೋಡು. ನನಗಿಂತ ಚೆನ್ನಾಗಿ ನಿನಗೇ ಉತ್ತರ ಸಿಗುತ್ತದೆ.

ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ಬರುವವರ ಕೈಯಲ್ಲಿ ಕಳಿಸುತ್ತೇನೆ. ನೀನು ನನಗೊಂದು ಕೆಲಸ ಮಾಡು. ಫೆಬ್ರುವರಿಯಲ್ಲಿ ಯಾವುದಾದರೂ ಹಡಗು ಹತ್ತಿದಾಗ ಬಂದರಿನ ನೀರಿನ ಶಾಖ ಅಳೆ, ಅದೇ ಹಡಗಿನ ಕೂಲರಿನಿಂದ ಹೊರಬೀಳುವ ನೀರಿನ ಶಾಖವನ್ನೂ ಅಳೆ. ಎರಡೂ ಅಂಕಿ ಬರೆದು ಕಳಿಸು.

ಇತಿ ನಿನ್ನ ಮಾವ,
ಗಂಗೊಳ್ಳಿ