ಫೋನಿನೊಳಗಿನ ಹಾಡು ವ್ಯಾನಿನ ಸ್ಪೀಕರಿಗೆ ಬರುವ ದಾರಿ



ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಮೇಷ್ಟ್ರು ನನಗೆ ಕೊಟ್ಟ ವಿಷಯ ‘ಶಬ್ದ’. ಪಾಠದಲ್ಲಿ ಇರೋದನ್ನೇ ಮತ್ತೆ ಬರೆದರೆ ನಿಂತು ಓದೋರು ಯಾರು? ಅದಕ್ಕೇ ನಮ್ಮೂರಲ್ಲಿ ದಿನಾ ಕಾಣುವ ಒಂದು ಕೆಲಸವನ್ನು ಆರಿಸಿಕೊಂಡಿದ್ದೇನೆ. ಸಂತೆಗೆ ಹೋಗುವ ಗೂಡ್ಸ್ ಆಟೋ ಇರಲಿ, ಮದುವೆ ದಿಬ್ಬಣದ ಟೆಂಪೋ ಇರಲಿ, ಡ್ರೈವರಣ್ಣ ಹತ್ತಿ ಕೂತ ಕೂಡಲೇ ಫೋನಿನ ಹಾಡನ್ನು ಗಾಡಿಯ ಸ್ಪೀಕರಿನಲ್ಲಿ ಹಾಕುತ್ತಾರೆ. ಒಬ್ಬರು ವೈರು ಸಿಕ್ಕಿಸುತ್ತಾರೆ, ಒಬ್ಬರು ಕ್ಯಾಸೆಟ್ಟು ತೂರಿಸುತ್ತಾರೆ, ಇನ್ನೊಬ್ಬರು ಯಾವ ವೈರೂ ಇಲ್ಲದೆ ಹಾಡು ಬರಿಸುತ್ತಾರೆ. ಹಾಡು ಒಂದೇ, ದಾರಿ ಬೇರೆ ಬೇರೆ. ಯಾವ ದಾರಿಯಲ್ಲಿ ಹಾಡು ಚೆನ್ನಾಗಿ ಉಳಿಯುತ್ತದೆ, ಯಾವ ದಾರಿಯಲ್ಲಿ ಸವೆಯುತ್ತದೆ ಎಂದು ತಿಳಿಯುವುದೇ ಈ ಪಾಠ.

ವೈರಿನಲ್ಲಿ ಶಬ್ದ ಹೋಗುವುದಿಲ್ಲ

ಶಬ್ದ ಎಂದರೆ ಗಾಳಿಯ ಕಂಪನ ಎಂದು ನಾವೆಲ್ಲ ಓದಿದ್ದೇವೆ. ಸೆಕೆಂಡಿಗೆ 20ರಿಂದ 20,000 ಕಂಪನದವರೆಗೆ ಮನುಷ್ಯರ ಕಿವಿಗೆ ಕೇಳಿಸುತ್ತದೆ. ವಯಸ್ಸಾದ ಹಾಗೆ ಮೇಲಿನ ಕೀರಲು ಸ್ವರಗಳು ಮೊದಲು ಕೇಳದಂತಾಗುತ್ತವೆ.

ಆದರೆ ಫೋನಿನೊಳಗೆ ಕಂಪಿಸುವ ಗಾಳಿ ಎಲ್ಲಿದೆ? ಅಲ್ಲಿ ಇರೋದು ಬರೀ ಅಂಕಿ. ಸಿ.ಡಿ.ಯ ಲೆಕ್ಕ ಹೇಳುತ್ತೇನೆ ಕೇಳಿ. ಒಂದು ಸೆಕೆಂಡಿನ ಶಬ್ದವನ್ನು 44,100 ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತಾರೆ. ಎಂ.ಪಿ.3 ಹಾಡಿನಲ್ಲಿ ಕಿವಿಗೆ ಅಷ್ಟಾಗಿ ಗೊತ್ತಾಗದ ಭಾಗ ಬಿಟ್ಟು, ಅಂಕಿಗಳನ್ನು ಇನ್ನೂ ಕುಗ್ಗಿಸಿ ಇಡುತ್ತಾರೆ.

ಈ ಅಂಕಿ ಮೊದಲು ವಿದ್ಯುತ್ತಿನ ಏರಿಳಿತವಾಗಬೇಕು. ಆ ವಿದ್ಯುತ್ತು ಸ್ಪೀಕರಿನ ಸುರುಳಿಯಲ್ಲಿ ಹರಿದು, ಆಯಸ್ಕಾಂತದ ಪಕ್ಕದಲ್ಲಿ ಸುರುಳಿ ಅಲುಗಿ, ಅದಕ್ಕೆ ಅಂಟಿದ ಕಾಗದದ ಬಟ್ಟಲು ಗಾಳಿಯನ್ನು ತಳ್ಳಬೇಕು. ಆಗಲೇ ಅದು ಶಬ್ದ. ನಮ್ಮೂರ ಬಯಲಾಟದಲ್ಲಿ ಒಬ್ಬನೇ ಪಾತ್ರಧಾರಿ ಒಂದೇ ರಾತ್ರಿಯಲ್ಲಿ ಎರಡು ಮೂರು ವೇಷ ಹಾಕುವುದಿಲ್ಲವೇ? ಹಾಡೂ ಹಾಗೇ. ಅಂಕಿ ವೇಷ, ವಿದ್ಯುತ್ ವೇಷ, ಕೊನೆಗೆ ಗಾಳಿಯ ವೇಷ. ವೇಷ ಬದಲಿಸಿದಾಗಲೆಲ್ಲ ಸ್ವಲ್ಪ ಬಣ್ಣ ಉದುರಬಹುದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನನಗೆ ಇದು ಯಾಕೆ ಬೇಕಾಯಿತು

ನಮ್ಮಜ್ಜಿಯ ಅಕ್ಕನನ್ನು ನಾವು ದೊಡ್ಡಜ್ಜಿ ಅಂತಿದ್ದೆವು. ಅವರು ತೀರಿಕೊಂಡು ಎರಡು ವರ್ಷವಾಯಿತು. ರಾಗಿ ಬೀಸೋ ಪದ, ಸೋಬಾನೆ ಪದ ಎಷ್ಟೋ ಅವರ ಬಾಯಲ್ಲಿದ್ದವು. ಈಗ ಉಳಿದಿರುವುದು ನಮ್ಮತ್ತೆ ಫೋನಿನಲ್ಲಿ ಹಿಡಿದಿಟ್ಟ ಒಂದೇ ಒಂದು ಪದ, ನಾಲ್ಕು ನಿಮಿಷದ್ದು. ಅಜ್ಜಿಗೆ ಅದನ್ನು ಕೇಳುವ ಆಸೆ. ಆದರೆ ಕಿವಿ ಮಂದ. ಫೋನನ್ನು ಕಿವಿ ಹತ್ತಿರ ಹಿಡಿದರೆ, “ಇದೇನ್ ಮಗಾ, ಜೀರುಂಡೆ ಕೂಗ್ದಂಗೆ ಕೇಳ್ತದೆ. ಇದು ನಮ್ಮಕ್ಕನ ದನಿಯಾ?” ಅಂತ ಫೋನನ್ನು ದೂರ ತಳ್ಳುತ್ತಿದ್ದರು.

ಅಜ್ಜಿ ಹೇಳಿದ್ದು ಸರಿ. ಫೋನಿನ ಸ್ಪೀಕರು ಉಗುರಿನಷ್ಟಗಲ. ಗಡಸು ದನಿಗೆ ಹೆಚ್ಚು ಗಾಳಿಯನ್ನು ತಳ್ಳಬೇಕು, ಅಷ್ಟು ಶಕ್ತಿ ಅದಕ್ಕಿಲ್ಲ. ಕೀರಲು ಭಾಗ ಮಾತ್ರ ಹೊರಗೆ ಬರುತ್ತದೆ. ಅಜ್ಜಿಯ ಕಿವಿಗೆ ಕೇಳದಿರೋದು ಅದೇ ಭಾಗ! ಚಿಕ್ಕಪ್ಪನ ಹಳೇ ವ್ಯಾನಿನ ಬಾಗಿಲುಗಳಲ್ಲಿ ಅಂಗೈಯಗಲದ ಎರಡು ಸ್ಪೀಕರಿವೆ. ಅದರಲ್ಲಿ ಹಾಕಿದರೆ ಕೇಳೀತು ಅಂತ ನನಗೆ ಅನ್ನಿಸಿತು. ಆದರೆ ಆ ಸ್ಟೀರಿಯೋದಲ್ಲಿ ಇದ್ದದ್ದು ರೇಡಿಯೋ ಮತ್ತು ಕ್ಯಾಸೆಟ್ ಎರಡೇ. ಹೀಗೆ ನಾನು ಒಂದೊಂದೇ ದಾರಿಯನ್ನು ತಿಳಿಯಲು ಹೊರಟೆ.

ದಾರಿ 1: ಆಕ್ಸ್ ವೈರು

ಸ್ಟೀರಿಯೋದ ಮುಖದಲ್ಲಿ ‘ಆಕ್ಸ್’ ಎಂದು ಬರೆದ ದುಂಡನೆಯ ತೂತು ಇದ್ದರೆ ನೀವು ಪುಣ್ಯವಂತರು. ಎರಡೂ ತುದಿಯಲ್ಲಿ 3.5 ಮಿಲಿಮೀಟರ್ ಪಿನ್ನು ಇರುವ ವೈರು ಸಾಕು. ಆ ಪಿನ್ನನ್ನು ಗಮನಿಸಿ ನೋಡಿ. ಎರಡು ಕಪ್ಪು ಗೆರೆ ಇರುತ್ತವೆ, ಅವು ಲೋಹವನ್ನು ಮೂರು ಭಾಗ ಮಾಡುತ್ತವೆ. ತುದಿ ಎಡ ಸ್ಪೀಕರಿಗೆ, ನಡುವಿನ ಬಳೆ ಬಲ ಸ್ಪೀಕರಿಗೆ, ಬುಡ ಎರಡಕ್ಕೂ ಸೇರಿದ ವಾಪಸು ದಾರಿ. ಮೈಕು ಇರುವ ಇಯರ್‌ಫೋನಿನಲ್ಲಿ ಮೂರು ಗೆರೆ, ನಾಲ್ಕು ಭಾಗ. ಪಿನ್ನಿನ ತೂತೇ ಇಲ್ಲದ ಹೊಸ ಫೋನುಗಳಿಗೆ, ಚಾರ್ಜರ್ ತೂತಿಗೆ ಸಿಕ್ಕಿಸುವ ಚಿಕ್ಕ ಅಡಾಪ್ಟರ್ ಬೇಕಾಗುತ್ತದೆ.

ಪಿನ್ನು ಪೂರ್ತಿ ಒಳಗೆ ಹೋಗದಿದ್ದರೆ ಒಂದು ಮೋಜು ನಡೆಯುತ್ತದೆ. ವಾದ್ಯ ಕೇಳುತ್ತದೆ, ಹಾಡುವವರ ದನಿ ಮಾಯ! ಬುಡದ ಸಂಪರ್ಕ ತಪ್ಪಿದಾಗ ಎಡ ಬಲಗಳ ವ್ಯತ್ಯಾಸ ಮಾತ್ರ ಕೇಳುತ್ತದೆ. ಹಾಡುವವರ ದನಿ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಇರುವುದರಿಂದ ಕಳೆದುಹೋಗುತ್ತದೆ. ಸ್ಟೀರಿಯೋ ಕೆಟ್ಟಿತು ಎನ್ನುವ ಮೊದಲು ಪಿನ್ನನ್ನು ಒತ್ತಿ ನೋಡಿ.

ಫೋನಿನ ವಾಲ್ಯೂಮು ಮುಕ್ಕಾಲು ಭಾಗ ಇಟ್ಟು, ಉಳಿದದ್ದನ್ನು ಸ್ಟೀರಿಯೋದಲ್ಲಿ ಏರಿಸಿಕೊಳ್ಳಿ. ಫೋನಿನಲ್ಲಿ ತೀರ ಕಡಿಮೆ ಇಟ್ಟರೆ ಹಾಡಿನ ಜೊತೆ ‘ಸ್ಸ್’ ಎಂಬ ಗದ್ದಲವೂ ದೊಡ್ಡದಾಗುತ್ತದೆ.

ದಾರಿ 2: ಎಫ್.ಎಂ. ಟ್ರಾನ್ಸ್‌ಮಿಟರ್

ಸಿಗರೇಟು ಹಚ್ಚುವ 12 ವೋಲ್ಟಿನ ತೂತಿಗೆ ಸಿಕ್ಕಿಸುವ ಹೆಬ್ಬೆರಳು ಗಾತ್ರದ ಸಾಧನ ಇದು. ನಿಜ ಹೇಳಬೇಕೆಂದರೆ ಇದೊಂದು ಪುಟಾಣಿ ಬಾನುಲಿ ಕೇಂದ್ರ. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿಯನ್ನು ಶುರು ಮಾಡಿದ್ದರು. ಈಗ ವ್ಯಾನಿನೊಳಗೇ ಕೆಲವು ಅಡಿ ದೂರಕ್ಕೆ ಮಾತ್ರ ಕೇಳುವ ಬಾನುಲಿ! ಫೋನಿನ ಹಾಡು ರೇಡಿಯೋ ಅಲೆಯಾಗಿ ಹೊರಡುತ್ತದೆ, ಮುಂದಿರುವ ರೇಡಿಯೋ ಅದನ್ನು ಹಿಡಿಯುತ್ತದೆ.

ಎಫ್.ಎಂ. ಪಟ್ಟಿ ಸುಮಾರು 88ರಿಂದ 108 ಮೆಗಾಹರ್ಟ್ಸ್. ಅದರಲ್ಲಿ ಖಾಲಿ ಜಾಗ ಹುಡುಕಿ, ಟ್ರಾನ್ಸ್‌ಮಿಟರ್ ಮತ್ತು ರೇಡಿಯೋ ಎರಡನ್ನೂ ಅಲ್ಲಿಗೇ ಇಡಬೇಕು. ಮೈಸೂರು ಆಕಾಶವಾಣಿ ಬರುವ 100.6ರಲ್ಲಿ ಇಟ್ಟರೆ ಆ ಕಡೆ ನಿಮ್ಮ ಹಾಡು ಸೋಲುತ್ತದೆ. ಎಫ್.ಎಂ. ರೇಡಿಯೋದ ಗುಣವೇ ಹಾಗೆ. ಒಂದೇ ಜಾಗದಲ್ಲಿ ಎರಡು ಅಲೆ ಬಂದರೆ ಬಲವಾದದ್ದನ್ನು ಹಿಡಿದು, ಬಲವಿಲ್ಲದ್ದನ್ನು ಬಿಡುತ್ತದೆ.

ನಾವು ಮೊದಲು ಮಾಡಿ ನೋಡಿದ್ದು ಇದನ್ನೇ. ಊರಲ್ಲಿ ಪರವಾಗಿಲ್ಲ ಅನ್ನುವಂತೆ ಕೇಳಿತು. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ಪೇಟೆ ಹತ್ತಿರವಾದ ಹಾಗೆ ಯಾವುದೋ ಸ್ಟೇಷನ್ನಿನ ಜಾಹೀರಾತು ಪದದ ಮೇಲೆ ಹತ್ತಿ ಕೂತಿತು. ಅಜ್ಜಿ ಮುಖ ಆ ಕಡೆ ತಿರುಗಿಸಿಕೊಂಡರು.

ದಾರಿ 3: ಕ್ಯಾಸೆಟ್ ಅಡಾಪ್ಟರ್

ನೋಡಲು ಕ್ಯಾಸೆಟ್ಟೇ, ಒಳಗೆ ಟೇಪೇ ಇಲ್ಲ! ಬಾಲದ ಹಾಗೆ ಒಂದು ವೈರು, ಅದನ್ನು ಫೋನಿಗೆ ಸಿಕ್ಕಿಸಬೇಕು.

ಕ್ಯಾಸೆಟ್ಟನ್ನು ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದಿತು. ಮಾಮೂಲಿ ಕ್ಯಾಸೆಟ್ಟಿನಲ್ಲಿ ಕಂದು ಬಣ್ಣದ ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ ‘ಹೆಡ್’ ಮುಂದೆ ಹಾದುಹೋಗುತ್ತದೆ. ಟೇಪಿನಲ್ಲಿ ಅಚ್ಚಾದ ಕಾಂತತ್ವ ಹೆಚ್ಚು ಕಡಿಮೆ ಆದಂತೆ ಹೆಡ್ಡಿನ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆ ಇದೇ. ಹೆಡ್ಡಿಗೆ ಬೇಕಾದ್ದು ಬದಲಾಗುವ ಕಾಂತಕ್ಷೇತ್ರ ಮಾತ್ರ. ಅದನ್ನು ಟೇಪು ಕೊಟ್ಟರೇನು, ಬೇರೆಯದು ಕೊಟ್ಟರೇನು? ಅಡಾಪ್ಟರಿನೊಳಗೆ ಇನ್ನೊಂದು ಚಿಕ್ಕ ಹೆಡ್ ಇದೆ. ಫೋನಿನ ವಿದ್ಯುತ್ತು ಅದರಲ್ಲಿ ಹರಿದು ಕಾಂತಕ್ಷೇತ್ರವಾಗುತ್ತದೆ, ಎದುರಿಗಿರುವ ಸ್ಟೀರಿಯೋದ ಹೆಡ್ ಅದನ್ನು ಮತ್ತೆ ವಿದ್ಯುತ್ತು ಮಾಡುತ್ತದೆ. ಟೇಪು ಓಡುತ್ತಿದೆ ಎಂದು ಸ್ಟೀರಿಯೋ ನಂಬಲಿ ಅಂತ ಒಳಗೆ ಹಲ್ಲಿನ ಚಕ್ರಗಳು ಸುಮ್ಮನೆ ತಿರುಗುತ್ತಿರುತ್ತವೆ.

ನಾವು ಹಾಕಿದಾಗ ಮೊದಲು ದನಿ ಮಂಕಾಗಿತ್ತು, ಕಂಬಳಿ ಹೊದ್ದು ಹಾಡಿದ ಹಾಗೆ. ಎರಡು ಹೆಡ್ಡುಗಳ ನಡುವೆ ಕೂದಲೆಳೆಯಷ್ಟು ಕೊಳೆ ಇದ್ದರೂ ಸೂಕ್ಷ್ಮವಾದ ಸ್ವರಗಳು ಮೊದಲು ಕಳೆದುಹೋಗುತ್ತವೆ ಎಂದು ಮೇಷ್ಟ್ರು ಹೇಳಿದರು. ಚಿಕ್ಕಪ್ಪ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೆಡ್ ಒರೆಸಿದರು. ಹತ್ತಿ ಕಪ್ಪಾಗಿ ಬಂತು. ಆಮೇಲೆ ಹಾಕಿದರೆ ದೊಡ್ಡಜ್ಜಿಯ ದನಿ ವ್ಯಾನು ತುಂಬಾ ತುಂಬಿತು. ಅಜ್ಜಿ ಬಾಗಿಲಿನ ಸ್ಪೀಕರಿನ ಮೇಲೆ ಅಂಗೈ ಇಟ್ಟುಕೊಂಡು ಕೇಳಿದರು. ಸಾಲು ಮುಗಿಯುವಲ್ಲಿ, “ಅಕ್ಕನೇ ಕಣೋ. ಉಸ್ರು ಎಳ್ಕೊಳೋದು ನೋಡು, ಹಂಗೇ ಅದೆ” ಅಂದರು.

ಎಫ್.ಎಂ.ನಲ್ಲಿ ಆ ಉಸಿರು ಗದ್ದಲದೊಳಗೆ ಮುಳುಗಿ ಹೋಗಿತ್ತು.

ದಾರಿ 4: ಬ್ಲೂಟೂತ್

ಹೊಸ ಗಾಡಿಗಳಲ್ಲಿ ಇದೇ ಹೆಚ್ಚು. ಹತ್ತನೇ ಶತಮಾನದ ಡೆನ್ಮಾರ್ಕಿನ ರಾಜ ಹರಾಲ್ಡ್ ಬ್ಲೂಟೂತ್‌ನ ಹೆಸರು ಇದಕ್ಕೆ ಬಂದಿದೆ. ಇದೂ ರೇಡಿಯೋ ಅಲೆಯೇ, ಆದರೆ 2.4 ಗಿಗಾಹರ್ಟ್ಸ್. ಹಾಡನ್ನು ಅಂಕಿಯಾಗಿಯೇ ಕಳಿಸುತ್ತದೆ, ಕಳಿಸುವ ಮೊದಲು ಇನ್ನೊಮ್ಮೆ ಕುಗ್ಗಿಸುತ್ತದೆ. ಬೇರೆ ಅಲೆಗಳು ಅಡ್ಡ ಬಾರದಿರಲಿ ಅಂತ 79 ಓಣಿಗಳಲ್ಲಿ ಸೆಕೆಂಡಿಗೆ 1,600 ಸಲದವರೆಗೆ ಜಿಗಿಯುತ್ತದೆ! ಮೊದಲ ಸಲ ಫೋನಿಗೂ ಸ್ಟೀರಿಯೋಗೂ ಪರಿಚಯ ಮಾಡಿಸಬೇಕು. ಇದಕ್ಕೆ ‘ಪೇರಿಂಗ್’ ಎನ್ನುತ್ತಾರೆ. ಆಮೇಲೆ ಅವೇ ಒಂದನ್ನೊಂದು ಗುರುತು ಹಿಡಿಯುತ್ತವೆ.

ದಾರಿ 5: ಪೆನ್‌ಡ್ರೈವ್

ಯು.ಎಸ್.ಬಿ. ತೂತು ಇರುವ ಸ್ಟೀರಿಯೋಗೆ ಹಾಡಿನ ಕಡತವನ್ನೇ ಪೆನ್‌ಡ್ರೈವಿಗೆ ನಕಲು ಮಾಡಿ ಕೊಡಬಹುದು. ಇಲ್ಲಿ ಒಂದು ದೊಡ್ಡ ಸಂಗತಿ ಇದೆ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ನಕಲು ಮಾಡಿದರೆ ಪ್ರತಿ ಸಲವೂ ಸವೆಯುತ್ತದೆ. ಅಂಕಿಯನ್ನು ಅಂಕಿಯಾಗಿಯೇ ನಕಲು ಮಾಡಿದರೆ ಒಂದು ಚೂರೂ ಸವೆಯುವುದಿಲ್ಲ. ಅದಕ್ಕೇ ದೊಡ್ಡಜ್ಜಿಯ ಪದವನ್ನು ಈಗ ಮೂರು ಕಡೆ ಇಟ್ಟಿದ್ದೇವೆ. ಅತ್ತೆಯ ಫೋನು ಬಾವಿಗೆ ಬಿದ್ದರೂ ಪದ ಬೀಳುವುದಿಲ್ಲ.

ಈಗ ಲೆಕ್ಕ ಹಾಕೋಣ

ಆಕ್ಸ್: ಅಂಕಿ, ವಿದ್ಯುತ್ತು, ಗಾಳಿ. ಎರಡು ಬದಲಾವಣೆ.
ಪೆನ್‌ಡ್ರೈವ್: ಇಲ್ಲೂ ಎರಡೇ.
ಬ್ಲೂಟೂತ್: ಎರಡರ ಜೊತೆಗೆ ಅಂಕಿ ಮತ್ತೊಮ್ಮೆ ಕುಗ್ಗುತ್ತದೆ.
ಎಫ್.ಎಂ.: ಅಂಕಿ, ವಿದ್ಯುತ್ತು, ರೇಡಿಯೋ ಅಲೆ, ವಿದ್ಯುತ್ತು, ಗಾಳಿ. ನಾಲ್ಕು ಬದಲಾವಣೆ.
ಕ್ಯಾಸೆಟ್: ಅಂಕಿ, ವಿದ್ಯುತ್ತು, ಕಾಂತ, ವಿದ್ಯುತ್ತು, ಗಾಳಿ. ಇಲ್ಲೂ ನಾಲ್ಕು.

ಎಫ್.ಎಂ.ಗೂ ಕ್ಯಾಸೆಟ್ಟಿಗೂ ಲೆಕ್ಕ ಒಂದೇ ಆಯಿತಲ್ಲ, ಮತ್ತೆ ಕ್ಯಾಸೆಟ್ ಹೇಗೆ ಗೆದ್ದಿತು? ಯೋಚಿಸಿ. ಎಫ್.ಎಂ. ಅಲೆ ಬಯಲಲ್ಲಿ ನಡೆಯುತ್ತದೆ, ಯಾರು ಬೇಕಾದರೂ ನಡುವೆ ನುಗ್ಗಬಹುದು. ಕ್ಯಾಸೆಟ್ಟಿನಲ್ಲಿ ಹೆಡ್ಡಿಗೆ ಹೆಡ್ಡು ಅಂಟಿಕೊಂಡಿದೆ, ಹೊರಗಿನವರಿಗೆ ಜಾಗವೇ ಇಲ್ಲ. ಆದ್ದರಿಂದ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ಎಷ್ಟು ಸಲ ವೇಷ ಬದಲು? ದಾರಿ ಬಯಲೋ, ಬೇಲಿ ಹಾಕಿದ್ದೋ?

ಗಾಡಿ ಓಡಿದಂತೆ ಕುಯ್‌ಗುಟ್ಟಿದರೆ

ಪಕ್ಕದ ಮನೆ ಅಣ್ಣನ ಕಾರಿನಲ್ಲಿ ಆಕ್ಸ್ ಹಾಕಿದರೆ ‘ಕುಂಯ್’ ಎಂಬ ಶಬ್ದ. ಆಕ್ಸಿಲರೇಟರ್ ತುಳಿದಷ್ಟೂ ಜಾಸ್ತಿ. ಪೇಟೆಯ ಒಂದು ಅಂಗಡಿಯಲ್ಲಿ ಸ್ಟೀರಿಯೋನೇ ಬದಲಾಯಿಸಿ ಅಂದರಂತೆ. ಚಾರ್ಜರಿನಿಂದ ಫೋನು ತೆಗೆದು ನೋಡಿದೆವು, ಶಬ್ದ ನಿಂತಿತು! ಫೋನಿಗೆ ಚಾರ್ಜು ಮತ್ತು ಆಕ್ಸ್ ಎರಡೂ ಒಂದೇ ಕಾರಿನಿಂದ ಸೇರಿದಾಗ ವಾಪಸು ದಾರಿ ಎರಡಾಗಿ ಒಂದು ಸುತ್ತು ಏರ್ಪಡುತ್ತದೆ. ಇಂಜಿನ್ನಿನ ಆಲ್ಟರ್ನೇಟರಿನ ಗದ್ದಲ ಆ ಸುತ್ತಿನಲ್ಲಿ ಹಾಡಿಗೆ ಸೇರುತ್ತದೆ. ಹಾಡು ಕೇಳುವಾಗ ಚಾರ್ಜು ಬೇಡ, ಅಥವಾ ನಡುವೆ ಚಿಕ್ಕ ಐಸೊಲೇಟರ್ ಹಾಕಿ. ಅದರೊಳಗೆ ಇರುವುದೂ ಫ್ಯಾರಡೆಯ ಸುರುಳಿಗಳೇ.

ಎಚ್ಚರಿಕೆ

ಗಂಟೆಗೆ 60 ಕಿಲೋಮೀಟರ್ ಓಡುವ ಗಾಡಿ ಮೂರು ಸೆಕೆಂಡಿನಲ್ಲಿ 50 ಮೀಟರ್ ದಾಟುತ್ತದೆ. ಹಾಡು ಬದಲಿಸಲು ಫೋನು ನೋಡಿದ ಡ್ರೈವರು ಅಷ್ಟು ದೂರ ಕಣ್ಣು ಮುಚ್ಚಿ ಓಡಿಸಿದ ಲೆಕ್ಕ. ಆ 50 ಮೀಟರಿನಲ್ಲಿ ನಮ್ಮ ಶಾಲೆಯ ಗೇಟೂ ಇರಬಹುದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನ ಪ್ರಕಾರ ಓಡಿಸುತ್ತಾ ಕೈಯಲ್ಲಿ ಫೋನು ಹಿಡಿದು ಬಳಸುವುದು ಅಪರಾಧ. ಹಾಡನ್ನು ಹೊರಡುವ ಮೊದಲೇ ಹಾಕಿಡಿ, ಇಲ್ಲವೇ ಪಕ್ಕದಲ್ಲಿ ಕೂತವರ ಕೈಗೆ ಫೋನು ಕೊಡಿ. ಸ್ಟೀರಿಯೋದ ಫ್ಯೂಸು ಹೋದರೆ ಅದೇ ಅಳತೆಯ ಫ್ಯೂಸನ್ನೇ ಹಾಕಬೇಕು. ತಾಮ್ರದ ತಂತಿ ಸುತ್ತಿದರೆ ವೈರಿಗೇ ಬೆಂಕಿ ಹತ್ತೀತು.

ಮಾಡಿ ನೋಡಿ, ಯೋಚಿಸಿ ಉತ್ತರಿಸಿ

1. ನಿಮ್ಮ ಮನೆಯ ಇಯರ್‌ಫೋನಿನ ಪಿನ್ನಿನಲ್ಲಿ ಎಷ್ಟು ಕಪ್ಪು ಗೆರೆಗಳಿವೆ? ಅದಕ್ಕೆ ಮೈಕು ಇದೆಯೇ?
2. ಫೋನಿನಿಂದ ಬ್ಲೂಟೂತ್ ಮೂಲಕ ಹಾಡು ಪಡೆದು ಎಫ್.ಎಂ.ನಲ್ಲಿ ಬಿಡುವ ಸಾಧನವೂ ಉಂಟು. ಅದರಲ್ಲಿ ಹಾಡು ಎಷ್ಟು ವೇಷ ಹಾಕುತ್ತದೆ?
3. ಕ್ಯಾಸೆಟ್ ಅಡಾಪ್ಟರ್ ಹಾಕಿದಾಗ ‘ಕುಂಯ್’ ಶಬ್ದ ಸಾಮಾನ್ಯವಾಗಿ ಬರುವುದಿಲ್ಲ. ಯಾಕೆ?

ಉತ್ತರವನ್ನು ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ. ಸರಿಯುತ್ತರಗಳು ಮುಂದಿನ ಸಂಚಿಕೆಯಲ್ಲಿ.

— ಹತ್ತನೇ ತರಗತಿ